ಮೂರು ಲಕ್ಷಕ್ಕೆ ಒಂದು ಪೈಸೆ: ಫೋರ್ಟ್ರಾನ್ 77, ಕೋಬಾಲ್ 85

ಖಾತೆಯಲ್ಲಿ 3,00,000 ರೂಪಾಯಿ ಇದೆ, ಅದಕ್ಕೆ ಒಂದು ಪೈಸೆ ಸೇರಿಸಬೇಕು. ಇದನ್ನು ಫೋರ್ಟ್ರಾನ್, ಕೋಬಾಲ್ ಎಂಬ ಎರಡು ಹಳೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದು, ಲಿನಕ್ಸ್‌ನಲ್ಲಿ ಜಿಫೋರ್ಟ್ರಾನ್ ಮತ್ತು ಗ್ನೂಕೋಬಾಲ್ ಕಂಪೈಲರ್‌ಗಳಿಂದ ಓಡಿಸಿದರೆ ಎರಡೂ ಕೈಕೊಡಬಲ್ಲವು. ಕೊಡುವ ರೀತಿ ಮಾತ್ರ ತದ್ವಿರುದ್ಧ.

ಫೋರ್ಟ್ರಾನಿನಲ್ಲಿ ದಶಮಾಂಶ ಸಂಖ್ಯೆಗಳನ್ನಿಡುವ ರಿಯಲ್ 32 ಬಿಟ್‌ನದು, ಸುಮಾರು ಏಳು ಅಂಕಿಯವರೆಗೆ ನಂಬಬಹುದು. 2,62,144 ದಾಟಿದ ಮೇಲೆ ಅದರಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ನಡುವಿನ ಅಂತರವೇ 0.03125. ಒಂದು ಪೈಸೆ ಅದರ ಅರ್ಧಕ್ಕೂ ಕಡಿಮೆ. ಉತ್ತರ ಮತ್ತೆ 3,00,000. ಒಂದೊಂದಾಗಿ ಸಾವಿರ ಸಲ ಸೇರಿಸಿದರೂ ಅಷ್ಟೇ! ಇನ್ನೂ ಹೆಚ್ಚು ಅಂಕಿ ಹಿಡಿಯುವ ಡಬಲ್ ಪ್ರಿಸಿಷನ್ ಬಳಸಿದರೆ ಸರಿಹೋಗುತ್ತದೆ, ಆದರೆ 0.01 ಎಂದಷ್ಟೇ ಬರೆದರೆ ಆ ಸಂಖ್ಯೆ ಮೊದಲು ರಿಯಲ್ ಆಗಿಯೇ ಹುಟ್ಟುತ್ತದೆ. 0.01ಡಿ0 ಎಂದೇ ಬರೆಯಬೇಕು. ಪೈಸೆಗಳನ್ನೇ ಪೂರ್ಣಾಂಕದಲ್ಲಿ ಎಣಿಸೋಣ ಎಂದರೆ 32 ಬಿಟ್ ಇಂಟಿಜರ್ 2,14,74,836 ರೂಪಾಯಿ 47 ಪೈಸೆಗೆ ಮುಗಿಯಿತು.

ಕೋಬಾಲ್‌ನಲ್ಲಿ ಎಷ್ಟು ಅಂಕಿ ಬೇಕೆಂದು ಮೊದಲೇ ಹೇಳಬೇಕು. ಪಿಕ್ 9(7)ವಿ99 ಎಂದರೆ ರೂಪಾಯಿಗೆ ಏಳು ಅಂಕಿ, ಪೈಸೆಗೆ ಎರಡು. ವಿ ಎನ್ನುವುದು ದಶಮಾಂಶ ಬಿಂದುವಿನ ಸ್ಥಾನ, ಮೆಮೊರಿಯಲ್ಲಿ ಅದಕ್ಕೆ ಜಾಗವಿಲ್ಲ. ಉತ್ತರ 300000.01, ಕರಾರುವಾಕ್ಕು. ಆದರೆ ಅದನ್ನು ಪಿಕ್ 9(5)ವಿ99 ಇರುವ ಫೀಲ್ಡಿಗೆ (ಸಂಖ್ಯೆ ಇಡುವ ಜಾಗಕ್ಕೆ) ಮೂವ್ ಆಜ್ಞೆಯಿಂದ ನಕಲು ಮಾಡಿದರೆ ಸಿಗುವುದು 00000.01. ಅಲ್ಲಿ ಪೈಸೆ ಹೋಯಿತು, ಇಲ್ಲಿ ಪೈಸೆ ಉಳಿದು ಲಕ್ಷ ಹೋಯಿತು. ಆಡ್, ಕಂಪ್ಯೂಟ್‌ಗಳಿಗೆ ಉತ್ತರ ಹಿಡಿಸದಿದ್ದರೆ ಏನು ಮಾಡಬೇಕೆಂದು ಹೇಳುವ ಆನ್ ಸೈಜ್ ಎರರ್ ಹಾಕಿ ಹಿಡಿಯಬಹುದು. ಮೂವ್‌ಗೆ ಆ ಸೌಲಭ್ಯ ಇಲ್ಲ. ಬಡ್ಡಿ ಲೆಕ್ಕಕ್ಕೆ, ಹತ್ತಿರದ ಪೈಸೆಗೆ ಸರಿಹೊಂದಿಸುವ ರೌಂಡೆಡ್ ಮರೆತರೆ 12.346 ಎನ್ನುವುದು 12.34 ಆಗಿ ನಿಲ್ಲುತ್ತದೆ.

ಹುಟ್ಟು ನೋಡಿದರೆ ಇದು ಸಹಜವೇ. ಜಾನ್ ಬ್ಯಾಕಸ್ ತಂಡ 1957ರಲ್ಲಿ ಐಬಿಎಂ 704 ಕಂಪ್ಯೂಟರಿಗೆ ಕೊಟ್ಟ ಫೋರ್ಟ್ರಾನ್ ವಿಜ್ಞಾನದ ಲೆಕ್ಕಕ್ಕೆ; 1959ರಲ್ಲಿ ಕೋಡಾಸಿಲ್ ಸಮಿತಿ ಶುರುಮಾಡಿದ ಕೋಬಾಲ್ ಕಚೇರಿಯ ಲೆಕ್ಕಕ್ಕೆ. ಹಣಕ್ಕಾದರೆ ಕಣ್ಣುಮುಚ್ಚಿ ಕೋಬಾಲ್. ಮ್ಯಾಟ್ರಿಕ್ಸ್ ಗುಣಿಸಲು ಕೋಬಾಲ್ ಹಿಡಿದವರಿಗೆ ದೇವರೇ ಗತಿ.

ಕಾಲಂಗಳ, ಅಂದರೆ ಸಾಲಿನಲ್ಲಿ ಅಕ್ಷರ ಕೂರುವ ಸ್ಥಾನಗಳ, ಕಾಟ ಎರಡರಲ್ಲೂ ಇದೆ. ಫೋರ್ಟ್ರಾನ್ ಸಾಲು 7ನೇ ಕಾಲಂನಿಂದ, ಕೋಬಾಲ್ ವಾಕ್ಯ 12ರಿಂದ. ಎರಡೂ 72ಕ್ಕೆ ಮುಗಿಯಬೇಕು. ಆ 72 ಕೂಡ 704ರದ್ದೇ: ಪಂಚ್ ಕಾರ್ಡಿನ ಒಂದು ಅಡ್ಡಸಾಲನ್ನು ಅದು ತಲಾ 36 ಬಿಟ್‌ಗಳ ಎರಡು ವರ್ಡ್‌ಗಳಿಗೆ (ಮೆಮೊರಿಯ ಘಟಕಗಳಿಗೆ) ಓದಿಕೊಳ್ಳುತ್ತಿತ್ತು. ಜಿಫೋರ್ಟ್ರಾನ್ ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಸಾಲಿನ ಕೊನೆಯ ಹೆಸರು ಅರ್ಧಕ್ಕೆ ತುಂಡಾದರೆ ಆ ತುಂಡೇ ಹೊಸ ವೇರಿಯಬಲ್ (ಮೌಲ್ಯ ಇಡುವ ಹೆಸರು), ಒಳಗೆ ಏನೋ ಕಸ. ಎಲ್ಲ ಎಚ್ಚರಿಕೆಗಳನ್ನೂ ತೋರಿಸುವ ವಾಲ್ ಆಯ್ಕೆ ಹಾಕಿಯೇ ಕಂಪೈಲ್ ಮಾಡಿ.

ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವೇರಿಯಬಲ್‌ಗೆ ಹೆಸರಿಡುವವರಿಗೆ ಇನ್ನೊಂದು ಗುಂಡಿ ಇದೆ. ಫೋರ್ಟ್ರಾನ್‌ನಲ್ಲಿ ಇಂಗ್ಲಿಷಿನ ಐ ಇಂದ ಎನ್‌ವರೆಗಿನ ಅಕ್ಷರಗಳಿಂದ ಶುರುವಾಗುವ ಹೆಸರು ತಾನಾಗಿಯೇ ಪೂರ್ಣಾಂಕ. ‘ಬಡ್ಡಿ’ ಬಿ ಇಂದ, ಬಚಾವ್. ‘ಮೊತ್ತ’ ಎಂ ಇಂದ: ಅದರಲ್ಲಿ 250.75 ಇಟ್ಟರೆ ಉಳಿಯುವುದು 250. ಇಂಪ್ಲಿಸಿಟ್ ನನ್ ಬರೆದರೆ ಘೋಷಿಸದ ಹೆಸರಿಗೆಲ್ಲ ಕಂಪೈಲರ್ ತಕರಾರು ಎತ್ತುತ್ತದೆ. 77ರ ಮಾನಕದಲ್ಲಿ ಅದಿಲ್ಲ, ಆದರೂ ಜಿಫೋರ್ಟ್ರಾನ್ ಒಪ್ಪುತ್ತದೆ.