ಫ್ರಾಂಕ್‌ಫರ್ಟ್ ರೈಲು ನಿಲ್ದಾಣದ ಬಳಿಯ ಅಗ್ಗದ ಹೋಟೆಲು: ಕೋಣೆ ಗೊತ್ತುಮಾಡುವ ಮುನ್ನ ದಯವಿಟ್ಟು ಓದಿ

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನವಿರುವುದರಿಂದ ಜರ್ಮನಿಗೆ ಹೋಗುವ ನಮ್ಮ ಕಡೆಯವರಲ್ಲಿ ಅನೇಕರು ಮೊದಲು ಕಾಲಿಡುವುದು ಆ ಊರಿನಲ್ಲಿಯೇ. ಷೆಂಗೆನ್ ವೀಸಾ ಅರ್ಜಿಯ ಜೊತೆಗೆ ವಾಸ್ತವ್ಯದ ದಾಖಲೆಯನ್ನೂ ಕೊಡಬೇಕಾದ ಕಾರಣ, ಊರು ಹೇಗಿದೆಯೆಂದು ತಿಳಿಯುವ ಮೊದಲೇ ಮನೆಯಲ್ಲಿ ಕುಳಿತು ಹೋಟೆಲು ಗೊತ್ತುಮಾಡಬೇಕಾಗುತ್ತದೆ. ಆಗ ಬಾಡಿಗೆ ಕಡಿಮೆ, ರೈಲು ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ ಎಂಬ ಎರಡು ಸಾಲುಗಳು ಎಲ್ಲಕ್ಕಿಂತ ಮುಂದಾಗಿ ಕಣ್ಣಿಗೆ ಬೀಳುತ್ತವೆ. ಕಳೆದ ಜುಲೈ ತಿಂಗಳಿನಲ್ಲಿ ನಾನು, ನನ್ನ ಪತ್ನಿ ಹಾಗೂ ಎಪ್ಪತ್ತು ದಾಟಿದ ನನ್ನ ತಾಯಿ ಅಂತಹ ಒಂದು ಹೋಟೆಲಿನಲ್ಲಿ ಇಳಿದುಕೊಂಡಾಗ ನಡೆದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಟೆಲಿನ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಒಂದು ಹೆಸರನ್ನು ನೆನಪಿಟ್ಟುಕೊಂಡು ತಪ್ಪಿಸಿಕೊಳ್ಳುವುದಕ್ಕಿಂತ ಇಂತಹ ಜಾಗವನ್ನು ಯಾವ ಲಕ್ಷಣಗಳಿಂದ ಗುರುತಿಸಬೇಕೆಂದು ತಿಳಿದಿರುವುದು ಹೆಚ್ಚು ಉಪಯುಕ್ತ.

ಮೊದಲು ಆ ಬಡಾವಣೆಯ ವಿಷಯ. ಫ್ರಾಂಕ್‌ಫರ್ಟಿನ ಮುಖ್ಯ ರೈಲು ನಿಲ್ದಾಣವು 1888ರಲ್ಲಿ ತೆರೆದದ್ದು. ಅದರ ಎದುರಿಗೆ, ಪೂರ್ವಕ್ಕೆ ಹಬ್ಬಿರುವ ಬೀದಿಗಳ ಗುಂಪಿಗೆ ಬಾನ್‌ಹೋಫ್ಸ್‌ಫಿಯರ್ಟೆಲ್ ಎಂದು ಹೆಸರು. ಕೈಸರ್, ಟೌನುಸ್, ನಿಡ್ಡಾ, ಎಲ್ಬೆ, ಮೋಸೆಲ್, ಮ್ಯೂನ್ಶೆನರ್ ಬೀದಿಗಳೆಲ್ಲ ಇದರೊಳಗೇ ಬರುತ್ತವೆ. ಪ್ರವಾಸಿಗರು ನೋಡಬಯಸುವ ಹಳೆಯ ಪೇಟೆ, ಅಂದರೆ ರೋಮರ್‌ಬೆರ್ಗ್ ಚೌಕ ಮತ್ತು ಅದರ ಸುತ್ತಲಿನ ಮರದ ಚೌಕಟ್ಟಿನ ಮನೆಗಳು, ಇಲ್ಲಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿವೆ. ಜಾಹೀರಾತಿನಲ್ಲಿ "ನಗರದ ಹೃದಯಭಾಗ" ಎಂದು ಬರೆದಿದ್ದ ನಮ್ಮ ಹೋಟೆಲು ವಾಸ್ತವದಲ್ಲಿ ಇದ್ದದ್ದು ಊರಿನ ಕೆಂಪುದೀಪ ಪ್ರದೇಶದ ಅಂಚಿನಲ್ಲಿ. ಇದೇ ಬೀದಿಗಳಲ್ಲಿ ಹಲವು ದಶಕಗಳಿಂದ ಮಾದಕ ವಸ್ತುಗಳ ಬಹಿರಂಗ ಸೇವನೆಯೂ ನಡೆಯುತ್ತಿದೆ. ವ್ಯಸನಿಗಳು ಬೀದಿಯಲ್ಲಿ ಸಾಯದಿರಲೆಂದು ನಗರಾಡಳಿತವು 1990ರ ದಶಕದಿಂದಲೇ ಆರೋಗ್ಯ ಸಿಬ್ಬಂದಿಯ ಮೇಲ್ವಿಚಾರಣೆಯ ಸೇವನಾ ಕೊಠಡಿಗಳನ್ನು ನಡೆಸುತ್ತ ಬಂದಿದೆ, ಮತ್ತು 2023ರಲ್ಲಿ ಈ ಪ್ರದೇಶದಲ್ಲಿ ರಾತ್ರಿ ಹೊತ್ತು ಆಯುಧ ಹಿಡಿದು ಓಡಾಡುವುದನ್ನು ನಿಷೇಧಿಸಲಾಗಿದೆ. ಇದು ಯಾವ ಗುಟ್ಟೂ ಅಲ್ಲ; ಜರ್ಮನಿಯಲ್ಲಿ ನೆಲೆಸಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಗುಟ್ಟಾಗಿ ಉಳಿಯುವುದು ಹೋಟೆಲು ಮಾರುವವರ ಪುಟದಲ್ಲಿ ಮಾತ್ರ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೆಟ್ಟಿಲ ಮೇಲೆ, ಅಂಗಡಿಯ ಬಾಗಿಲಲ್ಲಿ ಕುಸಿದು ಕುಳಿತಿದ್ದ ಆ ಜನರು ನಮಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಅವರು ಕಾಯಿಲೆಯವರು, ಅವರ ಸ್ಥಿತಿಯನ್ನು ನೋಡಿ ನನ್ನ ತಾಯಿಗೆ ಭಯಕ್ಕಿಂತ ಸಂಕಟವೇ ಹೆಚ್ಚಾಯಿತು. ಆದರೆ ಹಿರಿಯರನ್ನೋ ಮಕ್ಕಳನ್ನೋ ಕರೆದುಕೊಂಡು ರಾತ್ರಿ ಹತ್ತರ ಮೇಲೆ ಆ ಬೀದಿಗಳಲ್ಲಿ ಸಾಮಾನು ಎಳೆಯುತ್ತ ನಡೆಯಬೇಕಾಗುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯುವ ಹಕ್ಕು ಗಿರಾಕಿಗೆ ಇದೆ.

ನಮ್ಮ ವಿಮಾನ ಇಳಿದದ್ದು ಬೆಳಿಗ್ಗೆ. ವಿಮಾನ ನಿಲ್ದಾಣದಿಂದ ಎಸ್8 ಅಥವಾ ಎಸ್9 ರೈಲು ಹತ್ತಿದರೆ ಕಾಲು ಗಂಟೆಯೊಳಗೆ ಮುಖ್ಯ ನಿಲ್ದಾಣ ಸಿಗುತ್ತದೆ. ಅಲ್ಲಿಯವರೆಗೆ ಎಲ್ಲವೂ ಸುಗಮವಾಗಿತ್ತು. ಕೋಣೆ ಸಿಗುವುದು ಮಧ್ಯಾಹ್ನ 3 ಗಂಟೆಗೆ ಎಂಬುದು ಜರ್ಮನಿಯ ಬಹುತೇಕ ಹೋಟೆಲುಗಳ ಪದ್ಧತಿಯಾದುದರಿಂದ ಅದಕ್ಕೆ ನಾವು ಸಿದ್ಧರಾಗಿಯೇ ಇದ್ದೆವು. ಸಿದ್ಧರಿಲ್ಲದಿದ್ದುದು ರಿಸೆಪ್ಷನ್‌ನಲ್ಲಿ ಯಾರೂ ಇಲ್ಲದಿರುವುದಕ್ಕೆ. ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿದ್ದ ದೂರವಾಣಿಗೆ ಕರೆ ಮಾಡಿದಾಗ ಬಹಳ ಹೊತ್ತಿನ ನಂತರ ಒಬ್ಬರು ಬಂದು, ಸೂಟ್‌ಕೇಸು ಇಟ್ಟುಕೊಳ್ಳಲು ಒಂದೊಂದಕ್ಕೂ ಪ್ರತ್ಯೇಕ ಶುಲ್ಕ ನಗದಾಗಿ ಕೊಡಬೇಕೆಂದರು. ರಸೀದಿ ಕೇಳಿದರೆ ಸಂಜೆ ಕೊಡುತ್ತೇವೆ ಎಂಬ ಉತ್ತರ. ಮಧ್ಯಾಹ್ನ ನಾವು ಮರಳಿದಾಗ ಅದೇ ವ್ಯಕ್ತಿ ನಮ್ಮ ಕೈಗೆ ಒಂದು ಕೀಲಿಯನ್ನೂ ಬೇರೊಂದು ಬೀದಿಯ ವಿಳಾಸವನ್ನೂ ಕೊಟ್ಟು, ನಿಮ್ಮ ಕೋಣೆ ನಮ್ಮ ಇನ್ನೊಂದು ಕಟ್ಟಡದಲ್ಲಿದೆ ಎಂದರು.

ಚಿತ್ರಗಳಲ್ಲಿ ನಾವು ನೋಡಿದ್ದ ಲಿಫ್ಟು, ಬೆಳಗಿನ ತಿಂಡಿಯ ಕೋಣೆ, ರಾತ್ರಿಯಿಡೀ ದೀಪ ಉರಿಯುವ ಪ್ರವೇಶದ್ವಾರ ಎಲ್ಲವೂ ಮೊದಲನೆಯ ಕಟ್ಟಡದವು. ಈ ಎರಡನೆಯದು ಸಾಮಾನ್ಯ ವಠಾರ; ಕೆಳಗಿನ ಅಂತಸ್ತುಗಳಲ್ಲಿ ಕಚೇರಿಯೋ ಗೋದಾಮೋ ಇದ್ದ ಹಾಗಿತ್ತು, ನಾಲ್ಕನೆಯ ಅಂತಸ್ತನ್ನು ಮಾತ್ರ ಕೋಣೆಗಳಾಗಿ ಒಡೆದು ಬಾಡಿಗೆಗೆ ಕೊಟ್ಟಿದ್ದರು. ಲಿಫ್ಟು ಇರಲಿಲ್ಲ. ಮೆಟ್ಟಿಲ ದೀಪವು ಗುಂಡಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಉರಿದು ತಾನಾಗಿ ಆರುವಂಥದ್ದು. ಮಂಡಿನೋವಿನ ನನ್ನ ತಾಯಿ ಒಂದು ಸುತ್ತು ಹತ್ತುವುದರೊಳಗೆ ಅದು ಆರಿಹೋಗುತ್ತಿತ್ತು, ನನ್ನ ಪತ್ನಿ ಮುಂದೆ ಓಡಿ ಮುಂದಿನ ಗುಂಡಿಯನ್ನು ಹುಡುಕಿ ಒತ್ತುವವರೆಗೆ ಅವರು ಕಂಬಿ ಹಿಡಿದು ಕತ್ತಲಲ್ಲಿ ನಿಲ್ಲಬೇಕಾಗುತ್ತಿತ್ತು. ಈ ಕಟ್ಟಡದಲ್ಲಿ ರಾತ್ರಿ ಹೊತ್ತು ಹೋಟೆಲಿನವರು ಒಬ್ಬರೂ ಇರುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಕೋಣೆಯ ಕಿಟಕಿ ಪಶ್ಚಿಮಕ್ಕಿತ್ತು. ಜುಲೈಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಯೂರೋಪು ತಂಪು ದೇಶ ಎಂಬ ಭಾವನೆಯಿಂದ ನಮ್ಮವರು ಎಸಿಯ ಬಗ್ಗೆ ವಿಚಾರಿಸುವುದೇ ಇಲ್ಲ. ಆದರೆ 2019ರ ಜುಲೈಯಲ್ಲಿ ಪಶ್ಚಿಮ ಜರ್ಮನಿಯ ಡ್ಯೂಸ್‌ಬರ್ಗ್ ಮತ್ತು ಟೋನಿಸ್‌ಫೋರ್ಸ್ಟ್‌ಗಳಲ್ಲಿ ತಾಪಮಾನ 41.2 ಡಿಗ್ರಿ ಮುಟ್ಟಿತ್ತು. ಅಲ್ಲಿನ ಕಟ್ಟಡಗಳನ್ನು ಚಳಿಗಾಲಕ್ಕೆಂದು ಕಟ್ಟಿರುವುದರಿಂದ ಬಿಸಿ ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ. ಕಡಿಮೆ ಬಾಡಿಗೆಯ ಹೋಟೆಲುಗಳಲ್ಲಿ ಎಸಿ ಅಪರೂಪ, ಚಾವಣಿಯ ಫ್ಯಾನಂತೂ ಇರುವುದೇ ಇಲ್ಲ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುವ ಸೆಕೆ, ತೆರೆದರೆ ಕೆಳಗಿನ ಬಾರಿನ ಸಂಗೀತ, ಕೂಗಾಟ, ಪೊಲೀಸ್ ವಾಹನಗಳ ಸದ್ದು. ಕೇಳಿದಾಗ ಮೇಜಿನ ಫ್ಯಾನು ಇಲ್ಲವೆಂದರು. ಜಾಹೀರಾತಿನಲ್ಲಿ ಮೂವರಿಗೆ ಎಂದು ತೋರಿಸಿದ್ದ ಕೋಣೆಯಲ್ಲಿ ಎರಡು ಹಾಸಿಗೆಗಳಿದ್ದವು. ಮೂರನೆಯದು ಮಡಚುವ ಕುರ್ಚಿಯನ್ನು ಬಿಡಿಸಿದರೆ ಆಗುವ ಹಾಸಿಗೆ.

ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ತಾಯಿ ಎದ್ದು ಕುಳಿತು ದೀಪ ಹಾಕಿಸಿದರು. ಮುಂಗೈಯಿಂದ ಮೊಣಕೈವರೆಗೆ ಸಾಲಾಗಿ ಕೆಂಪು ಗುಳ್ಳೆಗಳೆದ್ದಿದ್ದವು. "ಇದು ಸೊಳ್ಳೆ ಕಡಿದದ್ದಲ್ಲ ಕಣಪ್ಪಾ, ತಿಗಣೆ" ಎಂದರು. ಮೇಲುಹಾಸನ್ನು ಸರಿಸಿ ಗಾದಿಯ ಮೂಲೆಯನ್ನು ಎತ್ತಿ ನೋಡಿದಾಗ ಹೊಲಿಗೆಯ ಪಟ್ಟಿಯುದ್ದಕ್ಕೂ ಪೆನ್ನಿನ ಶಾಯಿ ಚೆಲ್ಲಿದಂತೆ ಸಣ್ಣ ಕಪ್ಪು ಚುಕ್ಕೆಗಳಿದ್ದವು, ತಲೆದೆಸೆಯ ಹಲಗೆ ಗೋಡೆಗೆ ತಾಗುವ ಸಂದಿನಲ್ಲಿ ಪೊರೆ ಕಳಚಿದ ಒಣ ಸಿಪ್ಪೆಗಳಿದ್ದವು, ಮತ್ತು ಮೊಬೈಲಿನ ಬೆಳಕು ಬಿದ್ದೊಡನೆ ಅರ್ಧ ಸೆಂಟಿಮೀಟರಿನಷ್ಟು ಉದ್ದದ, ಚಪ್ಪಟೆಯಾದ ಕಂದು ಹುಳವೊಂದು ಹೊಲಿಗೆಯೊಳಗೆ ಸರಿದುಹೋಯಿತು. ತಿಗಣೆಗೂ ಹೋಟೆಲಿನ ದರ್ಜೆಗೂ ನೇರ ಸಂಬಂಧವಿಲ್ಲ. ಪ್ರಯಾಣಿಕರ ಸಾಮಾನಿನೊಂದಿಗೆ ಅದು ಎಂತಹ ಹೋಟೆಲಿಗೂ ಬರಬಲ್ಲದು. ಆದರೆ ಚುಕ್ಕೆಗಳು ಅಷ್ಟು ದಟ್ಟವಾಗಿರಬೇಕಾದರೆ ಅವು ಅಲ್ಲಿ ಮನೆಮಾಡಿ ಬಹಳ ಕಾಲವಾಗಿರಲೇಬೇಕು, ಹಾಸಿಗೆ ಬಟ್ಟೆ ಬದಲಿಸಿದವರ ಕಣ್ಣಿಗೆ ಬಿದ್ದಿರಲೇಬೇಕು. ರಾತ್ರಿಯ ತುರ್ತು ಸಂಖ್ಯೆಗೆ ಮಾಡಿದ ಕರೆಗಳನ್ನು ಯಾರೂ ಎತ್ತಲಿಲ್ಲ. ಉಳಿದ ಹೊತ್ತನ್ನು ಮೂವರೂ ಕುರ್ಚಿಗಳ ಮೇಲೆ ಕುಳಿತು ಕಳೆದೆವು.

ಬೆಳಿಗ್ಗೆ ಚಿತ್ರಗಳನ್ನು ತೋರಿಸಿದಾಗ ಸಿಕ್ಕ ಉತ್ತರ, "ನೀವೇ ನಿಮ್ಮ ಪೆಟ್ಟಿಗೆಯಲ್ಲಿ ತಂದಿರಬಹುದು" ಎಂಬುದು. ಒಂದು ರಾತ್ರಿಯಲ್ಲಿ ಅಷ್ಟೊಂದು ಕಲೆಗಳಾಗುವುದು ಹೇಗೆ ಸಾಧ್ಯವೆಂದು ನನ್ನ ಪತ್ನಿ ಶಾಂತವಾಗಿಯೇ ಕೇಳಿದರು; ಅದಕ್ಕೆ ಉತ್ತರವಿರಲಿಲ್ಲ. ಬೇರೆ ಕೋಣೆ ಇಲ್ಲ, ನೀವು ಗೊತ್ತುಮಾಡಿದ ದರದಲ್ಲಿ ಹಣ ಹಿಂತಿರುಗಿಸುವ ಅವಕಾಶವಿಲ್ಲ, ಹೋಗುವುದಾದರೆ ಹೋಗಬಹುದು ಎಂದಷ್ಟೇ ಹೇಳಿದರು. ಎಪ್ಪತ್ತು ದಾಟಿದ ಹೆಂಗಸು ರಾತ್ರಿಯೆಲ್ಲ ನಿದ್ದೆಗೆಟ್ಟು ಎದುರಿಗೆ ನಿಂತಿರುವಾಗ ಒಂದು ಲೋಟ ನೀರನ್ನೂ ಮುಂದಿಡದ ಆ ನಡತೆ ನನ್ನನ್ನು ಇಂದಿಗೂ ನೋಯಿಸುತ್ತದೆ.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಬೇಕೆಂದು ವಿನಂತಿ. ಜರ್ಮನಿಯ ಕಾನೂನಿನಲ್ಲಿ ಹೋಟೆಲಿನ ಕೋಣೆಯ ಒಪ್ಪಂದಕ್ಕೆ ಬಹುಮಟ್ಟಿಗೆ ಬಾಡಿಗೆಯ ನಿಯಮಗಳೇ ಅನ್ವಯಿಸುತ್ತವೆ. ಅಲ್ಲಿನ ನಾಗರಿಕ ಸಂಹಿತೆಯ 536ನೆಯ ಕಲಮಿನ ಪ್ರಕಾರ ಕೋಣೆಯಲ್ಲಿ ಗಂಭೀರ ದೋಷವಿದ್ದರೆ ಬಾಡಿಗೆ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಆದರೆ ದೋಷ ಕಂಡೊಡನೆ ಮಾಲೀಕರಿಗೆ ತಿಳಿಸದೆ ಸುಮ್ಮನಿದ್ದವರು ಆ ಹಕ್ಕನ್ನು ಕಳೆದುಕೊಳ್ಳಬಹುದು. ಊರಿಗೆ ಮರಳಿದ ಮೇಲೆ ಬರೆಯೋಣ ಎಂದು ಸೌಜನ್ಯದಿಂದ ಸುಮ್ಮನಾಗುವ ನಮ್ಮ ಅಭ್ಯಾಸ ಇಲ್ಲಿ ನಮಗೇ ಮುಳುವಾಗುತ್ತದೆ. ನಾನು ರಿಸೆಪ್ಷನ್‌ನ ಮುಂದೆ ನಿಂತೇ ಚಿತ್ರಗಳನ್ನು ಸೇರಿಸಿ, ಹೊತ್ತನ್ನು ನಮೂದಿಸಿ, ಬೇರೆ ಕೋಣೆ ಕೇಳಿದೆವು, ನಿರಾಕರಿಸಿದರು ಎಂದು ಬರೆದು ಹೋಟೆಲಿಗೂ ಬುಕಿಂಗ್ ತಾಣಕ್ಕೂ ಇಮೇಲ್ ಕಳಿಸಿದೆ. ತಿಂಗಳುಗಟ್ಟಲೆ ಪತ್ರವ್ಯವಹಾರವಾದ ಮೇಲೆ ನಾವು ತಂಗದ ರಾತ್ರಿಗಳ ಹಣ ಕಾರ್ಡಿಗೆ ಮರಳಿತು. ಮೊದಲ ರಾತ್ರಿಯ ಬಾಡಿಗೆಯಾಗಲಿ, ರಸೀದಿಯಿಲ್ಲದೆ ಕೊಟ್ಟ ಸಾಮಾನಿನ ಶುಲ್ಕವಾಗಲಿ ಬರಲಿಲ್ಲ. ಅಷ್ಟಾದರೂ ಬಂದದ್ದು ಆ ಬೆಳಗಿನ ಇಮೇಲಿನ ಬಲದಿಂದ.

ಆನ್‌ಲೈನ್ ಖರೀದಿಯನ್ನು ಹದಿನಾಲ್ಕು ದಿನಗಳೊಳಗೆ ರದ್ದು ಮಾಡಬಹುದೆಂಬ ಯೂರೋಪಿನ ನಿಯಮವು ನಿರ್ದಿಷ್ಟ ದಿನಾಂಕದ ಹೋಟೆಲು ಕೋಣೆಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಅರಿತಿರಬೇಕು. ಆದ್ದರಿಂದ ಹತ್ತು ಯೂರೋ ಹೆಚ್ಚಾದರೂ ರದ್ದತಿಗೆ ಅವಕಾಶವಿರುವ ದರವನ್ನೇ ಆರಿಸಿಕೊಳ್ಳಿ. ವೀಸಾ ತಡವಾದರೂ ಅದು ಕೈಹಿಡಿಯುತ್ತದೆ. ಬಾಡಿಗೆಯ ಮೇಲೆ ನಗರದ ತೆರಿಗೆಯೂ ಸೇರಬಹುದು. ಫ್ರಾಂಕ್‌ಫರ್ಟಿನಲ್ಲಿ ಇದು 2018ರಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 2 ಯೂರೋದಂತೆ ಆರಂಭವಾಯಿತು, ಬರ್ಲಿನ್ನಿನಲ್ಲಿ 2025ರಿಂದ ಕೋಣೆಯ ದರದ ಶೇಕಡಾ 7.5ರಷ್ಟಿದೆ. ಇದು ಕಾನೂನುಬದ್ಧವಾದ ತೆರಿಗೆ. ಆದರೆ ಅದಕ್ಕೂ ರಸೀದಿ ಪಡೆಯಿರಿ. ವಿದೇಶಿಯರು ನೋಂದಣಿ ನಮೂನೆಗೆ ಸಹಿ ಮಾಡಿ ಪಾಸ್‌ಪೋರ್ಟ್ ತೋರಿಸಬೇಕಾದದ್ದೂ ನಿಯಮವೇ; ಪಾಸ್‌ಪೋರ್ಟನ್ನು ಒತ್ತೆಯಾಗಿ ಇಟ್ಟುಕೊಳ್ಳಲು ಮಾತ್ರ ಬಿಡಬೇಡಿ.

ಕಳವಿನ ವಿಷಯದಲ್ಲಿಯೂ ಜರ್ಮನಿಯ ಅದೇ ನಾಗರಿಕ ಸಂಹಿತೆಯಲ್ಲಿ ರಕ್ಷಣೆಯಿದೆ. ಅತಿಥಿ ತಂದ ವಸ್ತುಗಳು ಕಳೆದರೆ ಹೋಟೆಲು ಒಂದು ದಿನದ ಬಾಡಿಗೆಯ ನೂರು ಪಟ್ಟಿನವರೆಗೆ, ಕನಿಷ್ಠ 600 ಯೂರೋ ಮತ್ತು ಗರಿಷ್ಠ 3500 ಯೂರೋ ಮಿತಿಯೊಳಗೆ ಹೊಣೆಯಾಗುತ್ತದೆ. ಹಣ ಮತ್ತು ಬೆಲೆಬಾಳುವ ವಸ್ತುಗಳಿಗೆ ಗರಿಷ್ಠ ಮಿತಿ 800 ಯೂರೋ ಮಾತ್ರ. ಇಲ್ಲಿಯೂ ತಕ್ಷಣ ತಿಳಿಸದಿದ್ದರೆ ಹಕ್ಕು ಹೋಗುತ್ತದೆ. ಮದುವೆ ಮುಂಜಿಗೆಂದು ಒಡವೆ ಕೊಂಡೊಯ್ಯುವವರು ಈ 800ರ ಅಂಕಿಯನ್ನು ಮರೆಯಬಾರದು.

ಹಾಗಾದರೆ ಎಲ್ಲಿ ಇಳಿದುಕೊಳ್ಳಬೇಕೆಂದು ಕೇಳುವವರಿಗೆ: ನಾವು ಆಮೇಲೆ ಹೋದದ್ದು ಮೈನ್ ನದಿಯ ದಕ್ಷಿಣಕ್ಕಿರುವ ಸಾಕ್ಸೆನ್‌ಹೌಸೆನ್‌ಗೆ. ಮುಖ್ಯ ನಿಲ್ದಾಣದಿಂದ ಎಸ್3ರಿಂದ ಎಸ್6ರವರೆಗಿನ ರೈಲುಗಳು ಅಲ್ಲಿನ ದಕ್ಷಿಣ ನಿಲ್ದಾಣಕ್ಕೆ ಹೋಗುತ್ತವೆ. ಯು4 ಮೆಟ್ರೋ ಹಿಡಿದರೆ ಬೋಕೆನ್‌ಹೈಮ್ ಬಡಾವಣೆ ಕೂಡ ಹತ್ತಿರವೇ. ಬಾಡಿಗೆಯಲ್ಲಿ ಆದ ವ್ಯತ್ಯಾಸ ಮೂವರ ಒಂದು ಹೊತ್ತಿನ ಊಟದಷ್ಟು. ನಿಲ್ದಾಣದ ಪಕ್ಕದಲ್ಲಿಯೇ ತಂಗಬೇಕಾದ ಅನಿವಾರ್ಯವಿದ್ದರೆ, ಕೋಣೆ ಯಾವ ಕಟ್ಟಡದಲ್ಲಿದೆ, ಲಿಫ್ಟು ಆ ಕಟ್ಟಡದಲ್ಲೇ ಇದೆಯೇ, ರಾತ್ರಿ ಸಿಬ್ಬಂದಿ ಇರುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಮುಂಚೆಯೇ ಬರೆದು ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಅಕ್ಟೋಬರಿನ ಪುಸ್ತಕ ಮೇಳದಂತಹ ದೊಡ್ಡ ವ್ಯಾಪಾರ ಮೇಳಗಳ ವಾರಗಳಲ್ಲಿ ಊರಿಗೆ ಊರೇ ತುಂಬಿ ಇಂತಹ ಕೋಣೆಗಳಿಗೂ ಹಲವು ಪಟ್ಟು ದರ ಏರುತ್ತದೆ, ಆಗ ಅಕ್ಕಪಕ್ಕದ ಮೈನ್ಸ್ ಅಥವಾ ಡಾರ್ಮ್‌ಸ್ಟಾಟ್‌ನಲ್ಲಿ ಇಳಿದು ರೈಲಿನಲ್ಲಿ ಬಂದುಹೋಗುವುದು ಒಳ್ಳೆಯದು.

ಕೋಣೆಗೆ ಕಾಲಿಟ್ಟ ಕೂಡಲೇ ಸೂಟ್‌ಕೇಸನ್ನು ಹಾಸಿಗೆಯ ಮೇಲಾಗಲಿ ಕಾರ್ಪೆಟ್ಟಿನ ಮೇಲಾಗಲಿ ಇಡದೆ ಬಚ್ಚಲುಮನೆಯ ನೆಲದಲ್ಲಿಟ್ಟು, ಗಾದಿಯ ನಾಲ್ಕೂ ಮೂಲೆಗಳ ಹೊಲಿಗೆಯನ್ನೂ ತಲೆದೆಸೆಯ ಹಲಗೆಯ ಹಿಂಭಾಗವನ್ನೂ ಮೊಬೈಲಿನ ಬೆಳಕಿನಲ್ಲಿ ನೋಡಿಕೊಳ್ಳಿ. ಅನುಮಾನವಿರುವ ಕೋಣೆಯಲ್ಲಿ ಒಂದು ರಾತ್ರಿ ಕಳೆದಿದ್ದರೂ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ರೇಷ್ಮೆ, ಉಣ್ಣೆಯಂತಹವನ್ನು ಕೆಲವು ದಿನ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇಡಬಹುದು. ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳುವ ಮೊದಲು ಅದರ ಒಳಪದರ, ಜಿಪ್ಪು ಮತ್ತು ಚಕ್ರದ ಸಂದುಗಳನ್ನು ಬಿಸಿಲಿನ ಬೆಳಕಿನಲ್ಲಿ ಬಿಚ್ಚಿ ಪರೀಕ್ಷಿಸಿ.