ಚಿಕ್ಕಮಗಳೂರಿನಲ್ಲಿ ರಾತ್ರಿಯೂಟ: ಗ್ರೀಕ್ ಹೋಟೆಲೋ, ಮಲೆನಾಡಿನ ಹೋಟೆಲೋ?

ಮುಳ್ಳಯ್ಯನಗಿರಿ ಸುತ್ತಿ ಇಳಿದವರು ಬೇಗ ಉಂಡು ಹೊರಡಬೇಕೆಂದಿದ್ದರೆ ಅಕ್ಕಿರೊಟ್ಟಿ, ಕಡುಬು, ಕೋಳಿಸಾರಿನ ಮಲೆನಾಡಿನ ಹೋಟೆಲೇ ಸರಿ. ಗ್ರೀಕ್ ಅಡುಗೆಯ ಸಣ್ಣ ಹೋಟೆಲಿಗೆ ಹೋಗುವುದಾದರೆ ಬಿಡುವು ಬೇಕು; ಮಾಂಸದ ತುಂಡುಗಳನ್ನು ಕಡ್ಡಿಗೆ ಪೋಣಿಸಿದ ಸುವ್ಲಾಕಿಯನ್ನು ಬಿಸಿಬಿಸಿಯಾಗಿ ಸುಟ್ಟುಕೊಟ್ಟರಷ್ಟೇ ಅದಕ್ಕೆ ರುಚಿ.

ಖಾರವಿಲ್ಲದೆ ತುತ್ತು ಇಳಿಯದವರಿಗೆ ನಿಂಬೆ, ಆರಿಗಾನೊ, ಆಲಿವ್ ಎಣ್ಣೆಯ ಆ ಅಡುಗೆ ಸಪ್ಪೆ ಎನಿಸಬಹುದು. ಆದರೆ ಸೌತೆಕಾಯಿಯನ್ನು ತುರಿದು, ನೀರು ಹಿಂಡಿ, ಬೆಳ್ಳುಳ್ಳಿಯೊಂದಿಗೆ ಗಟ್ಟಿ ಮೊಸರಿಗೆ ಕಲಸುವ ಜಾಜಿಕಿ, ನಮ್ಮ ಮೊಸರು ಬಜ್ಜಿ ಬಲ್ಲ ಮಕ್ಕಳಿಗೂ ಹಿಡಿಸೀತು. ಸಲಾಡಿನ ಬೆಲೆ ಹೆಚ್ಚಿದ್ದರೆ ಚೀಸ್ ಯಾವುದೆಂದು ಸಂಕೋಚವಿಲ್ಲದೆ ಕೇಳಬೇಕು: ಯುರೋಪ್ ಒಕ್ಕೂಟದ ನಿಯಮದಂತೆ ಫೆಟಾ ಎಂಬ ಹೆಸರು ಗ್ರೀಸ್‌ನಲ್ಲಿ ಕುರಿಹಾಲಿನಿಂದ, ಹೆಚ್ಚೆಂದರೆ ಶೇ 30ರಷ್ಟು ಆಡಿನ ಹಾಲು ಬೆರೆಸಿ ಮಾಡಿದ್ದಕ್ಕಷ್ಟೇ ಸಲ್ಲುತ್ತದೆ. ಹಸುವಿನ ಹಾಲಿನದಾದರೆ ಅಷ್ಟು ಹಣ ತೆರುವುದು ದಂಡ.

ಸಸ್ಯಾಹಾರಿಗಳು ಬದನೆಕಾಯಿಯದೆಂದು ಮುಸಾಕಾ ಹೇಳಿಬಿಡಬಾರದು, ಅದರ ಪದರಗಳ ನಡುವೆ ಸಾಮಾನ್ಯವಾಗಿ ಕೈಮಾ ಇರುತ್ತದೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್‌ನಲ್ಲೂ ಮಾಂಸವಿದೆಯೇ ಎಂದು ವಿಚಾರಿಸುವುದು ಕ್ಷೇಮ.

ಕಾಫಿಯ ವಿಷಯದಲ್ಲಿ ಮಾತ್ರ ನಾನು ಊರಿನ ಪಕ್ಷ. ಗ್ರೀಕರು ನುಣ್ಣನೆಯ ಪುಡಿಯನ್ನು ಕುದಿಸಿ ಸೋಸದೆ ಕೊಡುತ್ತಾರೆ. ಚರಟ ತಳ ಸೇರುವವರೆಗೆ ಕಾಯುವ ತಾಳ್ಮೆ ಇಲ್ಲದವರು ಫಿಲ್ಟರ್ ಕಾಫಿಯನ್ನೇ ಕುಡಿಯಲಿ.