ಆರು ಗುಲಾಬಿ ಗಿಡ, ಹದಿನೈದು ಚದರ ಮೀಟರ್ ನೆರಳು ಪರದೆ

ಅತ್ತೆಯವರ ಪೂಜೆಗೆ ಮನೆಯ ಹೂವೇ ಆಗಲಿ ಎಂಬ ಆಸೆಯಿಂದ ಮಾರ್ಚ್ ಮೊದಲ ವಾರ ಆರು ಕಸಿ ಗುಲಾಬಿಗಳನ್ನು ತಂದು ಕಲಬುರಗಿಯ ನಮ್ಮ ಅಂಗಳದಲ್ಲಿ ನೆಟ್ಟೆ. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿಗೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಮುರಿಯುತ್ತಿತ್ತು. ಮೊಗ್ಗುಗಳು ಅರಳುವ ಮೊದಲೇ ಕತ್ತು ಬಗ್ಗಿಸಿದವು. ಬೆಳಿಗ್ಗೆ, ಸಂಜೆ ನೀರು ಹಾಕಿದರೂ ಉಪಯೋಗವಾಗಲಿಲ್ಲ.

ಆಗ ಕೊಂಡದ್ದು ಹಸಿರು ನೆರಳು ಪರದೆ. ಅಂಗಡಿಯವರು ಸೇಕಡಾ 90 ನೆರಳಿನದನ್ನೇ ಒಯ್ಯಿರಿ ಎಂದು ಒತ್ತಾಯಿಸಿದರು. ನಾನು ಒಪ್ಪದೆ 50ರದನ್ನು ತಂದೆ. ಮೂರು ಮೀಟರ್ ಅಗಲ, ಐದು ಮೀಟರ್ ಉದ್ದ. ಗುಲಾಬಿ ಬಿಸಿಲಿನ ಗಿಡ. ಅದಕ್ಕೆ ಪೂರ್ತಿ ಕತ್ತಲು ಕವಿಸಿದರೆ ಸಣಕಲು ರೆಂಬೆ ಬಿಟ್ಟು ಹೂವನ್ನೇ ಮರೆಯುತ್ತದೆ.

ಮೊದಲ ದಿನ ಪರದೆಯನ್ನು ಗಿಡಗಳ ಮೇಲೆಯೇ ಹೊದಿಸಿದ್ದು ನನ್ನ ತಪ್ಪು. ಗಾಳಿಗೆ ಅದು ಉಜ್ಜಿ ಇದ್ದ ಎಲೆಗಳೂ ಹರಿದವು, ಮುಳ್ಳಿಗೆ ಸಿಕ್ಕ ದಾರವನ್ನು ಬಿಡಿಸಲು ಒಂದು ಗಂಟೆ ಹಿಡಿಯಿತು. ಮರುದಿನ ನಾಲ್ಕು ಬಿದಿರು ನೆಟ್ಟು, ಗಿಡದ ತುದಿಯಿಂದ ಎರಡು ಅಡಿ ಮೇಲೆ ಕಟ್ಟಿ, ಪಡುವಣ ಬದಿಗೆ ಮಾತ್ರ ನೆಲದವರೆಗೆ ಇಳಿಬಿಟ್ಟೆ. ಬೆಳಗಿನ ಎಳೆಬಿಸಿಲು ಓರೆಯಾಗಿ ಒಳಬರುತ್ತದೆ, ಮಧ್ಯಾಹ್ನದ ಉರಿ ಅರ್ಧಕ್ಕೆ ಇಳಿಯುತ್ತದೆ. ಕಟ್ಟುವುದಾದರೆ ಹೀಗೆಯೇ ಕಟ್ಟಿರಿ.

ಪರದೆಯೊಂದೇ ಗಿಡ ಉಳಿಸಿತು ಎಂದು ಹೇಳಿದರೆ ಸುಳ್ಳಾದೀತು. ಒಂದು ಗಿಡದ ಬುಡ ಕೆದಕಿ ನೋಡಿದಾಗ ನಿಜವಾದ ಕಾರಣ ಸಿಕ್ಕಿತು. ನರ್ಸರಿಯಿಂದ ಬಂದ ಕೆಂಪು ಜೇಡಿಮಣ್ಣಿನ ಮುದ್ದೆ ಇಟ್ಟಿಗೆಯಂತೆ ಗಟ್ಟಿಯಾಗಿ, ಒಳಗೆ ಒಣಗಿಯೇ ಇತ್ತು. ನಾನು ಸುರಿದ ನೀರೆಲ್ಲ ಅದರ ಸುತ್ತಲಿನ ಎರೆಮಣ್ಣಿನ ಬಿರುಕಿಗೆ ಇಳಿದುಹೋಗುತ್ತಿತ್ತು! ಬೇರಿಗೆ ಒಂದು ಹನಿಯೂ ಇಲ್ಲ. ಹೆಣಿಗೆ ಸೂಜಿಯಿಂದ ಮುದ್ದೆಗೆ ಅಲ್ಲಲ್ಲಿ ರಂಧ್ರ ಮಾಡಿ, ತಳಕ್ಕೆ ತೂತು ಕೊರೆದ ಕೊಡವನ್ನು ಬುಡದಲ್ಲಿಟ್ಟು ಹನಿಹನಿಯಾಗಿ ಇಳಿಯಲು ಬಿಟ್ಟೆ. ಆಮೇಲೆ ಪಾತಿಯ ತುಂಬ ಮೂರು ಅಂಗುಲ ತೊಗರಿ ಹೊಟ್ಟು ಹರಡಿದೆ, ಕಾಂಡಕ್ಕೆ ತಾಗದಂತೆ. ನಮ್ಮ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಅದರಡಿ ಬೆರಳಿಟ್ಟರೆ ಮರುದಿನ ಮಧ್ಯಾಹ್ನವೂ ತೇವ ತಾಗುತ್ತಿತ್ತು.

ಮೊಗ್ಗುಗಳನ್ನು ಚಿವುಟಿ ತೆಗೆದೆ. ಅತ್ತೆಯವರಿಗೆ ಅದು ಸಂಕಟ. "ಪೂಜೆಗೆಂದು ನೆಟ್ಟು ಮೊಗ್ಗನ್ನೇ ಮುರಿಯುತ್ತೀಯಲ್ಲ ತಾಯಿ" ಎಂದರು. ಬೇರು ಊರದ ಗಿಡಕ್ಕೆ ಹೂವೂ ಒಂದು ಹೊರೆ ಎಂದು ತಿಳಿಸಿ ಹೇಳಬೇಕಾಯಿತು. ಗೊಬ್ಬರವನ್ನಂತೂ ಮುಟ್ಟಲಿಲ್ಲ. ಒಣಗಿದ ಹಾಗೆ ಕಂಡ ರೆಂಬೆಗಳನ್ನೂ ಕತ್ತರಿಸಲಿಲ್ಲ. ಉಗುರಿನಿಂದ ಕೆರೆದರೆ ತೊಗಟೆಯಡಿ ಹಸಿರಿತ್ತು. ಹದಿನೆಂಟನೆಯ ದಿನ ಅಂಥದೇ ರೆಂಬೆಯಲ್ಲಿ ಕೆಂಪು ಚಿಗುರು ಒಡೆಯಿತು.

ಐದು ಗಿಡಗಳು ಉಳಿದವು. ಆರನೆಯದರಲ್ಲಿ ಕಸಿಯ ಕೆಳಗಿನಿಂದ ಕಾಡುಚಿಗುರು ಮಾತ್ರ ಬಂತು, ಮೇಲಿನ ಭಾಗ ಸತ್ತಿತ್ತು.

ಇನ್ನು ಪರದೆಯ ಕುಂದು. ಕತ್ತರಿಸಿದ ಅಂಚು ವಾರದೊಳಗೆ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಹಗ್ಗ ಕಟ್ಟಲು ಕಣ್ಣುಗಳಿಲ್ಲ; ಮೇ ತಿಂಗಳ ಬಿರುಗಾಳಿಗೆ ಒಂದು ಮೂಲೆ ಕಿತ್ತು ಪಕ್ಕದ ಮನೆಯ ಮಾಳಿಗೆ ಸೇರಿತು. ಹಳೆಯ ಸೀರೆಯ ಅಂಚನ್ನು ಮಡಿಸಿ ಹೊಲಿದ ಮೇಲೆ ನಿಂತಿತು. ಅಂಚು ಹೊಲಿದು, ಲೋಹದ ಕಣ್ಣು ಕೂರಿಸಿದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಮ್ಮೆಲೇ ತೆಗೆಯದೆ, ಮೊದಲು ಸಂಜೆಗಳಲ್ಲಿ, ಆಮೇಲೆ ಮೋಡದ ದಿನಗಳಲ್ಲಿ ಸರಿಸುತ್ತ ಬಂದು ಹತ್ತು ದಿನಕ್ಕೆ ಪೂರ್ತಿ ಬಿಚ್ಚಿದೆ. ಈಗ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ, ಬಿದಿರುಗಳು ನೆಟ್ಟಲ್ಲೇ ಇವೆ.